ಅಡುಗೆಮನೆಗೆ ಬೆಳಕು ಯಾಕೆ ಎಲ್ಲಕ್ಕಿಂತ ಕೊನೆಗೆ ಬಂತು?

ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರು, ಲೋಕಲ್ ಟ್ರೇನಿನಲ್ಲಿ ನಿಂತು ಓದೋರು ಇದ್ದಾರೆ ಅಂತ ಎಂದಿನ ಹಾಗೆ ಈ ಸಲದ ಮಾತನ್ನೂ ಬರಹಕ್ಕೆ ಇಳಿಸಿದ್ದೇನೆ. ಮಾತಿನಲ್ಲಿ ಅಲ್ಲಲ್ಲಿ ಬಿಟ್ಟುಹೋಗಿದ್ದ ನಾಲ್ಕಾರು ವಿಷಯಗಳನ್ನ ಇಲ್ಲಿ ಸೇರಿಸಿದ್ದೇನೆ.

ರಾಜರು, ಯುದ್ಧ, ಶಾಸನ ಅಂತ ನಾವು ಇಲ್ಲಿ ಸಾಕಷ್ಟು ಮಾತಾಡಿದ್ದೇವೆ. ಇವತ್ತಿನದು ಅಡುಗೆಮನೆಯ ದೀಪ. ನಗಬೇಡಿ. ಪುಣೆಯ ನಮ್ಮ ಫ್ಲ್ಯಾಟಿನ ಅಡುಗೆಮನೆಗೆ 2006ರಲ್ಲಿ ಫಾಲ್ಸ್ ಸೀಲಿಂಗ್ ಮಾಡಿಸಿದ್ದು. ಅದರೊಳಗೆ ಆರು ದುಂಡನೆಯ ದೀಪ, ಒಂದೊಂದರಲ್ಲೂ ಎರಡೆರಡು ಸಿಎಫ್‌ಎಲ್ ಕೊಳವೆ. ಹೋದ ತಿಂಗಳ ಹೊತ್ತಿಗೆ ಆರರಲ್ಲಿ ಎರಡು ಮಾತ್ರ ಉರೀತಿದ್ದವು, ಒಂದು ಮಿಣಿಮಿಣಿ ಅಂತಿತ್ತು. ಎಲೆಕ್ಟ್ರಿಷಿಯನ್ ಹುಡುಗ ನಮ್ಮ ವಿಜಯಪುರದ ಕಡೆಯವನು. ಏಣಿ ಮೇಲೆ ನಿಂತು ಒಂದು ದೀಪ ಕೆಳಗೆ ಎಳೆದು ಅದರ ಬೆನ್ನು ನೋಡಿದ.

"ಅಕ್ಕಾರ, ಇದರ ಚೋಕ್ ಈಗ ಪ್ಯಾಟ್ಯಾಗ ಸಿಗೂದಿಲ್ಲರಿ. ಚೋಕ್ ಸಿಕ್ಕರೂ ಈ ಎರಡು ಪಿನ್ನಿನ ನಳಿಗಿ ಸಿಗೂದಿಲ್ಲ. ಎಲ್ಲಾ ತಗದು ಎಲ್‌ಇಡಿ ಹಾಕೂದ ಛಲೋ."

"ಹಾಕಪ್ಪಾ, ಆದರ ಇವು ಇರೂ ಜಾಗಾದಾಗ ಬ್ಯಾಡ" ಅಂದೆ. ಅವನಿಗೆ ಅರ್ಥ ಆಗಲಿಲ್ಲ. ತೂತು ಇರೋ ಕಡೆ ಹಾಕಿದ್ರೆ ಅರ್ಧ ಗಂಟೆ ಕೆಲಸ, ಬೇರೆ ಕಡೆ ಅಂದ್ರೆ ಒಂದು ದಿನದ ಕೆಲಸ. ಜಾಗ ಯಾಕೆ ಬೇಡ ಅಂದೆ ಅನ್ನೋದಕ್ಕೆ ಉತ್ತರ ನೂರು ವರ್ಷಕ್ಕೂ ಹಿಂದಕ್ಕೆ ಹೋಗುತ್ತೆ. ಅದನ್ನೇ ಇವತ್ತು ಹೇಳೋಣ ಅಂತ.

ಕರ್ನಾಟಕದಲ್ಲಿ ವಿದ್ಯುತ್ತಿನ ಇತಿಹಾಸ ಅಂದ ತಕ್ಷಣ ನಾವೆಲ್ಲ ಎದೆಯುಬ್ಬಿಸಿ ಹೇಳೋದು ಶಿವನಸಮುದ್ರ. ಸರಿಯಾದ ಹೆಮ್ಮೆಯೇ. 1902ರಲ್ಲಿ ಕಾವೇರಿಯ ನೀರಿನಿಂದ ತಯಾರಾದ ಕರೆಂಟು ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ಹರಿದು ಕೋಲಾರದ ಚಿನ್ನದ ಗಣಿ ತಲುಪಿತು. ಆ ಕಾಲಕ್ಕೆ ಅಷ್ಟು ದೂರ ವಿದ್ಯುತ್ ಸಾಗಿಸೋದು ಅಂದ್ರೆ ಪ್ರಪಂಚವೇ ತಿರುಗಿ ನೋಡೋ ಕೆಲಸ. ಮೂರು ವರ್ಷ ಬಿಟ್ಟು, 1905ರ ಆಗಸ್ಟ್ 5ರಂದು, ಬೆಂಗಳೂರಿನ ಬೀದಿಗೆ ದೀಪ ಬಂತು. ಅದೇ 1905ರಲ್ಲಿ ಮುಂಬೈಯಲ್ಲಿ ಬಾಂಬೆ ಎಲೆಕ್ಟ್ರಿಕ್ ಸಪ್ಲೈ ಅಂಡ್ ಟ್ರಾಮ್‌ವೇಸ್ ಕಂಪನಿ, ಅಂದ್ರೆ ಇವತ್ತಿನ ಬೆಸ್ಟ್‌ನ ಅಜ್ಜ, ಶುರುವಾಯ್ತು. 1915ರಲ್ಲಿ ಟಾಟಾದವರ ಖೋಪೋಲಿ ಜಲವಿದ್ಯುತ್ ಮುಂಬೈಗೆ ಇಳೀತು. ಮೊದಲು ಗಣಿ, ಆಮೇಲೆ ಬೀದಿ, ಟ್ರಾಮು, ಬಟ್ಟೆ ಗಿರಣಿ, ಅರಮನೆ. ಈ ಪಟ್ಟಿಯಲ್ಲಿ ಅಡುಗೆಮನೆ ಎಲ್ಲಿದೆ ಅಂತ ಹುಡುಕಿದ್ರೆ ನಿಮಗೆ ಸಿಗೋಲ್ಲ. ಇತಿಹಾಸದ ಪುಸ್ತಕದಲ್ಲಿ ಬೀದಿ ದೀಪಕ್ಕೆ ತಾರೀಖು ಇದೆ, ಒಲೆಯ ಮೇಲೆ ಬಿದ್ದ ಮೊದಲ ಬಲ್ಬಿನ ಬೆಳಕಿಗೆ ತಾರೀಖು ಇಲ್ಲ.

ಹಾಗಾದ್ರೆ ಅಲ್ಲಿ ಏನಿತ್ತು? ನನ್ನ ಬಾಲ್ಯ ಧಾರವಾಡ ಜಿಲ್ಲೆಯ ಹಳ್ಳಿಯದು. ಮಣ್ಣಿನ ಮಾಳಿಗೆ ಮನೆ. ಅಡುಗೆಮನೆ ಅತ್ಯಂತ ಒಳಗೆ, ಅತ್ಯಂತ ಕತ್ತಲಲ್ಲಿ. ಮೇಲೆ ಬೆಳಕಿಂಡಿ ಒಂದು. ಅದು ಬೆಳಕಿಗಿಂತ ಹೊಗೆ ಹೋಗೋಕೆ ಮಾಡಿದ್ದು. ಬಿಸಿಲು ಏರಿದ ಮೇಲೆ ಒಂದೆರಡು ತಾಸು ಅದರಿಂದ ಒಂದು ಕೋಲಿನಷ್ಟು ಬೆಳಕು ಇಳೀತಿತ್ತು. ಆ ಕೋಲು ಒಲೆ ಹತ್ತಿರ ಬರೋ ಹೊತ್ತಿಗೆ ಅಡುಗೆ ಮುಗಿದಿರ್ತಿತ್ತು. ಅಕ್ಕಿ, ಜೋಳ ಹಸನು ಮಾಡೋ ಕೆಲಸ ಏನಿದ್ರೂ ನಮ್ಮವ್ವ ಹೊಸ್ತಿಲ ಮೇಲೆ ಕೂತು ಮಾಡ್ತಿದ್ದಳು. ಅದು ಗಾಳಿಗಲ್ಲ, ಬೆಳಕಿಗೆ. ಹರಳು ಕಾಣಬೇಕಲ್ಲ.

ರಾತ್ರಿ ಅಡುಗೆಮನೆಯಲ್ಲಿ ಉರೀತಿದ್ದದ್ದು ಚಿಮಣಿ. ಹಳೇ ಮೈಸೂರಿನ ಕಡೆಯವರು ಬುಡ್ಡಿ ಅಂತೀರಿ. ತಗಡಿನ ಡಬ್ಬಿ, ಒಂದು ಬತ್ತಿ, ಗಾಜಿಲ್ಲ. ಇಂಥ ಬತ್ತಿ ದೀಪದ ಬೆಳಕು ಅಳೆದ್ರೆ ಹತ್ತು ಲೂಮೆನ್ ಆಸುಪಾಸು. ಇವತ್ತು ನಾವು ಹಾಕೋ 9 ವಾಟಿನ ಎಲ್‌ಇಡಿ ಬಲ್ಬು 900 ಲೂಮೆನ್‌ಗೆ ಹತ್ತಿರ ಕೊಡುತ್ತೆ. ಅಂದ್ರೆ ತೊಂಬತ್ತು ಚಿಮಣಿ ಸಾಲಾಗಿ ಇಟ್ಟ ಹಾಗೆ. ಆ ಒಂದು ಚಿಮಣಿಯ ಬೆಳಕಲ್ಲಿ ರೊಟ್ಟಿ ಬೆಂದಿದೆಯೋ ಹೊತ್ತಿದೆಯೋ ಅನ್ನೋದನ್ನ ಕಣ್ಣಿಗಿಂತ ಮೂಗೇ ಹೇಳ್ತಿತ್ತು. "ಬೆಳಕಿದ್ದಾಗನ ಅಡಗಿ ಮುಗಸಬೇಕವ್ವಾ, ಕತ್ತಲಾದ ಮ್ಯಾಲೆ ಹುಳಾ ಹುಪ್ಪಡಿ ಬಿದ್ದರ ಯಾರಿಗೆ ಕಾಣಸ್ತದ" ಅನ್ನೋಳು ಅವ್ವ. ಹೊತ್ತು ಮುಳುಗೋದ್ರೊಳಗೆ ಊಟ ಮಾಡಬೇಕು ಅನ್ನೋ ಹಿರಿಯರ ಮಾತಿಗೆ ಧರ್ಮದ ಕಾರಣ ಇದ್ದೀತು, ಆರೋಗ್ಯದ ಕಾರಣ ಇದ್ದೀತು. ದೀಪದ ಎಣ್ಣೆಯ ಲೆಕ್ಕವೂ ಇತ್ತು ಅನ್ನೋದು ನನ್ನ ಅನುಮಾನ.

ಮನೆಯಲ್ಲಿ ಕಂದೀಲು ಇರಲಿಲ್ಲ ಅಂತಲ್ಲ. ಕರಾಡ ಹತ್ತಿರದ ಓಗಲೆವಾಡಿಯ ಓಗಲೆ ಗ್ಲಾಸ್ ವರ್ಕ್ಸ್‌ನವರ ಪ್ರಭಾಕರ ಕಂದೀಲು ನಮ್ಮ ಕಡೆ ಮನೆಮನೆಯಲ್ಲೂ ಇತ್ತು. ಪುಣೆ, ಸಾತಾರಾ ಕಡೆ ಇರೋ ನಮ್ಮವರಿಗೆ ಓಗಲೆವಾಡಿ ಹೆಸರು ಗೊತ್ತಿರುತ್ತೆ. 1916ರಲ್ಲಿ ಶುರುವಾದ ಸ್ವದೇಶಿ ಕಾರ್ಖಾನೆ ಅದು. ಗಾಜಿನ ಬುರುಡೆ ಇದ್ದದ್ದರಿಂದ ಕಂದೀಲಿನ ಬೆಳಕು ಸ್ಥಿರ, ಗಾಳಿಗೆ ಆರೋಲ್ಲ, ಚಿಮಣಿಗಿಂತ ನಾಲ್ಕಾರು ಪಟ್ಟು ಹೆಚ್ಚು. ಆದರೆ ಅದು ಇರ್ತಿದ್ದದ್ದು ಪಡಸಾಲೆಯಲ್ಲಿ. ಓದೋ ಮಕ್ಕಳಿಗೆ, ಬಂದ ಬೀಗರಿಗೆ, ಲೆಕ್ಕ ಬರೆಯೋ ಅಪ್ಪನಿಗೆ. ಒಳ್ಳೆಯ ದೀಪ ಹೊರಗೆ, ಸಾಧಾರಣ ದೀಪ ಒಳಗೆ. ಪೆಟ್ರೋಮ್ಯಾಕ್ಸ್ ಬಂದರೆ ಅದಂತೂ ಮದುವೆ ಚಪ್ಪರಕ್ಕೆ, ಬಯಲಾಟಕ್ಕೆ. ಮದುವೆ ಅಡುಗೆಯವರಿಗೂ ಒಂದು ಕೊಡಿ ಅಂತ ಯಾರಾದ್ರೂ ಕೇಳಿದ್ದನ್ನ ನಾನು ಕೇಳಿಲ್ಲ.

ಈ ಕ್ರಮ ಕರೆಂಟು ಬಂದ ಮೇಲೂ ಬದಲಾಗಲಿಲ್ಲ.

ಬಲ್ಬು ತಯಾರಿಕೆಯಲ್ಲಿ ನಮ್ಮವರೂ ಹಿಂದೆ ಬಿದ್ದಿರಲಿಲ್ಲ. 1936ರಲ್ಲಿ ಬೆಂಗಳೂರಿನ ಮಲ್ಲೇಶ್ವರದಲ್ಲಿ ಮೈಸೂರು ಲ್ಯಾಂಪ್ಸ್ ಕಾರ್ಖಾನೆ ಶುರುವಾಯ್ತು. ಎಷ್ಟೋ ಮನೆಗಳಲ್ಲಿ ಮೊದಲ ಬಲ್ಬು ಅದೇ. 2003ರಲ್ಲಿ ಆ ಕಾರ್ಖಾನೆ ಬಾಗಿಲು ಹಾಕಿತು. ಅದರದ್ದೇ ಒಂದು ಕಥೆ ಇದೆ, ಇನ್ನೊಮ್ಮೆ ಹೇಳ್ತೇನೆ. ಹಳ್ಳಿಗಳಿಗೆ ಕರೆಂಟು ಬಂದದ್ದು ನಿಧಾನಕ್ಕೆ. ಕರ್ನಾಟಕದಲ್ಲಿ ಬಡವರ ಮನೆಗೆ ಭಾಗ್ಯಜ್ಯೋತಿ, ಆಮೇಲೆ 1988–89ರಲ್ಲಿ ಕೇಂದ್ರದ ಕುಟೀರ ಜ್ಯೋತಿ. ಎರಡರಲ್ಲೂ ಸಿಗೋದು ಒಂದೇ ದೀಪದ ಸಂಪರ್ಕ. ಒಂದೇ ದೀಪ ಅಂದ ಮೇಲೆ ಅದನ್ನ ಎಲ್ಲಿ ಹಾಕ್ತೀರಿ? ನಡುಮನೆಯಲ್ಲಿ. ಅಡುಗೆಮನೆಗೆ ಅದರ ಎಂಜಲು ಬೆಳಕು. ಕೆಲವರು ಜಾಣತನ ಮಾಡ್ತಿದ್ರು. ನಡುಮನೆಗೂ ಅಡುಗೆಮನೆಗೂ ನಡುವಿನ ಗೋಡೆಯಲ್ಲಿ ಒಂದು ಕಿಂಡಿ ಕೊರೆದು, ಬಲ್ಬನ್ನ ಆ ಕಿಂಡಿಯಲ್ಲಿ ಕೂರಿಸ್ತಿದ್ರು. ಎರಡೂ ಕಡೆ ಅರ್ಧರ್ಧ ಬೆಳಕು. ಮುಂಬೈಯ ಚಾಳುಗಳಲ್ಲಿ ಇದ್ದವರೂ ಇದನ್ನ ನೋಡಿರ್ತೀರಿ. ನನ್ನನ್ನ ಕೇಳಿದ್ರೆ, ಆ ಕಿಂಡಿ ಕೊರೆದವರಿಗೆ ಶಿವನಸಮುದ್ರದ ಎಂಜಿನಿಯರುಗಳಷ್ಟೇ ಮರ್ಯಾದೆ ಸಲ್ಲಬೇಕು.

ಎರಡನೆಯ ಬಲ್ಬು ಹಾಕಿಸೋ ಶಕ್ತಿ ಬಂದಾಗ ಅಡುಗೆಮನೆಗೆ ಬಂದದ್ದು 40 ವಾಟಿನದು, ಇಲ್ಲವೇ ಜೀರೋ ಬಲ್ಬು. ಹೆಸರು ಜೀರೋ, ಕುಡಿಯೋದು ಹದಿನೈದು ವಾಟು. ಸೌದೆ ಒಲೆಯ ಹೊಗೆಗೆ ಆರು ತಿಂಗಳಲ್ಲಿ ಗಾಜಿನ ಮೇಲೆ ಕಂದು ಜಿಡ್ಡು ಕೂತು, 40 ವಾಟು 15 ವಾಟಿನ ಹಾಗೆ ಕಾಣ್ತಿತ್ತು. ಟ್ಯೂಬ್‌ಲೈಟ್ ಅಮೆರಿಕದ ಮಾರುಕಟ್ಟೆಗೆ 1938ರಲ್ಲೇ ಬಂದದ್ದು. ನಮ್ಮ ಮಧ್ಯಮವರ್ಗದ ಹಾಲ್‌ಗೆ ಬರೋಕೆ ದಶಕಗಳೇ ಹಿಡಿದವು, ಹಾಲ್‌ನಿಂದ ಅಡುಗೆಮನೆಗೆ ಬರೋಕೆ ಇನ್ನೊಂದಿಷ್ಟು ವರ್ಷ. ಎಷ್ಟೋ ಸಲ ಹಾಲ್‌ಗೆ ಹೊಸ ಪಟ್ಟಿ ತಂದಾಗ ಹಳೆಯದು ಒಳಗೆ ಹೋಗ್ತಿತ್ತು. ಹಳೇ ಸೀರೆ ಒರೆಸೋ ಬಟ್ಟೆ ಆಗೋ ಹಾಗೆ.

ಇನ್ನು ಜಾಗದ ವಿಷಯಕ್ಕೆ ಬರ್ತೀನಿ. ನನ್ನ ಪ್ರಕಾರ ಇದೇ ಇಡೀ ಕಥೆಯ ತಿರುವು, ಮತ್ತೆ ಇದರ ಬಗ್ಗೆ ಮಾತಾಡೋರು ಕಡಿಮೆ.

ನಮ್ಮ ಅಜ್ಜಿಯರು ಕೂತು ಅಡುಗೆ ಮಾಡ್ತಿದ್ರು. ಈಳಿಗೆ ಮಣೆ ನೆಲದ ಮೇಲೆ, ಒಲೆ ನೆಲದ ಮೇಲೆ, ಒರಳು ನೆಲದಲ್ಲಿ. ಕೂತವರ ಮುಖ ಕೋಣೆಯ ಒಳಕ್ಕಾದರೂ ಇರಬಹುದು, ಬಾಗಿಲಿಗಾದರೂ ಇರಬಹುದು, ಬೆಳಕು ಬರೋ ಕಡೆ ತಿರುಗಿ ಕೂರಬಹುದಿತ್ತು. ಕೋಣೆಯ ನಡುವೆ ಒಂದು ಬಲ್ಬು ನೇತಾಡಿದ್ರೆ, ಮಂದವಾದ್ರೂ ಸರಿ, ಅದು ಕೈಯ ಮೇಲೆ ಬೀಳ್ತಿತ್ತು. ಆಮೇಲೆ ಗ್ಯಾಸ್ ಬಂತು. ಮುಂಬೈಯಲ್ಲಿ ಬರ್ಮಾ ಶೆಲ್ ಕಂಪನಿ 1955ರಲ್ಲಿ ಎಲ್‌ಪಿಜಿ ಮಾರೋಕೆ ಶುರು ಮಾಡಿತು, 1965ರ ಹೊತ್ತಿಗೆ ಕೊಲ್ಕತ್ತಾದಲ್ಲಿ ಇಂಡೇನ್. ಸಿಲಿಂಡರ್ ಕೆಳಗೆ, ಒಲೆ ಮೇಲೆ. ಅದಕ್ಕೊಂದು ಕಟ್ಟೆ ಬೇಕು. ಕಟ್ಟೆ ಗೋಡೆಗೆ ಅಂಟಿಕೊಂಡಿರಬೇಕು. ಹೊಗೆ ಹೋಯ್ತು, ಸೊಂಟ ಬಗ್ಗಿಸೋದು ಕಡಿಮೆಯಾಯ್ತು, ಒಳ್ಳೇದೇ ಆಯ್ತು. ಆದರೆ ಅಡುಗೆ ಮಾಡೋರು ಈಗ ಗೋಡೆಗೆ ಮುಖ ಮಾಡಿ, ಕೋಣೆಗೆ ಬೆನ್ನು ಹಾಕಿ ನಿಂತರು. ದೀಪ ಮಾತ್ರ ಇದ್ದಲ್ಲೇ ಇತ್ತು, ಕೋಣೆಯ ನಡುವೆ. ಅಂದ್ರೆ ಅವರ ಬೆನ್ನ ಹಿಂದೆ. ಹೆಚ್ಚೋ ಮಣೆಯ ಮೇಲೆ ಬಿದ್ದದ್ದು ಅವರ ತಲೆಯ ನೆರಳು.

ಇದು ಯಾರಿಗೂ ಹೊಳೆದಿರಲಿಲ್ಲವಾ ಅಂದ್ರೆ, ಹೊಳೆದಿತ್ತು. 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಹೊಸ ವಸತಿ ಮನೆಗಳಿಗಾಗಿ ಮಾರ್ಗರೆಟೆ ಶ್ಯುಟ್ಟೆ ಲಿಹೋಟ್ಸ್‌ಕಿ ಅನ್ನೋ ಆಸ್ಟ್ರಿಯಾದ ವಾಸ್ತುಶಿಲ್ಪಿ ಒಂದು ಪುಟ್ಟ ಅಡುಗೆಮನೆ ರೂಪಿಸಿದಳು. ಫ್ರಾಂಕ್‌ಫರ್ಟ್ ಕಿಚನ್ ಅಂತಲೇ ಅದು ಹೆಸರಾಯ್ತು, ಸುಮಾರು ಹತ್ತು ಸಾವಿರ ಮನೆಗಳಲ್ಲಿ ಕೂತಿತು. ಇವತ್ತಿನ ಮಾಡ್ಯುಲರ್ ಕಿಚನ್ನಿನ ಮೂಲ ಅದೇ. ಅದರಲ್ಲಿ ದೀಪ ಒಂದೇ ಕಡೆ ನಿಂತಿರಲಿಲ್ಲ. ಕೆಲಸ ಎಲ್ಲಿ ನಡೀತಿದೆಯೋ ಅಲ್ಲಿಗೆ ಸರಿಸಿಕೊಳ್ಳೋ ಹಾಗೆ ಮೇಲೆ ಕಂಬಿ ಹಾಕಿದ್ದಳು. ಮಾಡ್ಯುಲರ್ ಕಿಚನ್ ನಮ್ಮ ದೇಶಕ್ಕೆ ಬಂದಾಗ ಡ್ರಾಯರು ಬಂತು, ಟ್ರಾಲಿ ಬಂತು, ಚಿಮ್ನಿ ಬಂತು. (ನೋಡಿ, ಹೊಗೆ ಬಿಡ್ತಿದ್ದ ದೀಪಕ್ಕೂ ಅದೇ ಹೆಸರು, ಹೊಗೆ ಎಳೆಯೋ ಯಂತ್ರಕ್ಕೂ ಅದೇ ಹೆಸರು.) ಸರಿಯೋ ದೀಪ ಮಾತ್ರ ಬರಲಿಲ್ಲ.

ಅದರ ಬದಲು ಬಂದದ್ದು ಹುದುಗಿಸಿದ ದೀಪ. ಇದರಲ್ಲೂ ಒಂದು ತಮಾಷೆ ಇದೆ. ಅಮೆರಿಕದ ಮನೆಗಳ ಮೇಲ್ಛಾವಣಿ ಮರದ ತೊಲೆಗಳದ್ದು, ಕೆಳಗಿನಿಂದ ಜಿಪ್ಸಮ್ ಹಲಗೆ ಹೊಡೆದಿರ್ತಾರೆ. ನಡುವೆ ಟೊಳ್ಳು ಜಾಗ ತಾನಾಗೇ ಇರುತ್ತೆ. ತೂತು ಕೊರೆದು ಡಬ್ಬಿಯಂಥ ದೀಪ ಒಳಗೆ ತಳ್ಳಿದ್ರೆ ಮುಗೀತು. ನಮ್ಮದು ಕಾಂಕ್ರೀಟ್ ಸ್ಲ್ಯಾಬು, ಅದರಲ್ಲಿ ಟೊಳ್ಳೆಲ್ಲಿ? ಹಾಗಾಗಿ ದೀಪ ಹುದುಗಿಸೋದಕ್ಕೋಸ್ಕರ ನಾವು ಸ್ಲ್ಯಾಬಿನ ಕೆಳಗೆ ಇನ್ನೊಂದು ಸುಳ್ಳು ಛಾವಣಿ ಕಟ್ಟಿದ್ವಿ. ಒಂಬತ್ತೂವರೆ ಅಡಿ ಎತ್ತರದ ಕೋಣೆಯಲ್ಲಿ ಅರ್ಧ ಮುಕ್ಕಾಲು ಅಡಿ ಅದಕ್ಕೇ ಹೋಯ್ತು. ಮೊದಲು ದೊಡ್ಡ ಹೋಟೆಲು, ಬಂಗಾರದ ಅಂಗಡಿ, ಬ್ಯಾಂಕು. 1991ರ ನಂತರ ದುಡ್ಡು ಓಡಾಡೋಕೆ ಶುರುವಾದ ಮೇಲೆ ಫ್ಲ್ಯಾಟುಗಳ ಹಾಲ್. 2000 ದಾಟಿದ ಮೇಲೆ ಅಡುಗೆಮನೆ. ಇಲ್ಲೂ ಕೊನೆಯ ಸರದಿ ಅದರದ್ದೇ.

ಆ ಕಾಲದ ದೀಪ ಎರಡು ಬಗೆ. ಒಂದು 50 ವಾಟಿನ ಪುಟ್ಟ ಹ್ಯಾಲೊಜೆನ್, 12 ವೋಲ್ಟಿನದು, ಹಿಂದೆ ಟ್ರಾನ್ಸ್‌ಫಾರ್ಮರ್. ಹೊಳಪು ಚೆಂದ, ಶಾಖ ವಿಪರೀತ. ತೆಗೆದು ನೋಡಿದ್ರೆ ಸುತ್ತಲಿನ ಪಿಒಪಿ ಕಂದಾಗಿರುತ್ತೆ, ವೈರಿನ ಮೇಲಿನ ಪ್ಲಾಸ್ಟಿಕ್ ಹಪ್ಪಳದ ಹಾಗೆ ಮುರಿಯುತ್ತೆ. ಇನ್ನೊಂದು ನಮ್ಮ ಮನೆಯಲ್ಲಿದ್ದಂಥ ಸಿಎಫ್‌ಎಲ್ ಡೌನ್‌ಲೈಟು. ಎಂಟು ಇಂಚಿನ ದುಂಡು ಬಟ್ಟಲಲ್ಲಿ 13 ವಾಟಿನ ಎರಡು ಕೊಳವೆ ಅಡ್ಡಡ್ಡ ಮಲಗಿರ್ತವೆ, ಮೇಲೆ ಚೋಕ್. ಇವನ್ನ ಜೋಡಿಸಿದ ಕ್ರಮ ನೋಡಬೇಕು ನೀವು. ಗೋಡೆಯಿಂದ ಸಮ ಅಂತರ, ಒಂದಕ್ಕೊಂದು ಸಮ ಅಂತರ, ಮೂರರ ಎರಡು ಸಾಲು. ನಕ್ಷೆಯಲ್ಲಿ ಬಹಳ ಚೆಂದ. ಆದರೆ ಎರಡೂ ಸಾಲು ಓಡಾಡೋ ಜಾಗದ ಮೇಲೆ, ಕಟ್ಟೆಯ ಮೇಲೆ ಒಂದೂ ಇಲ್ಲ. ಜೊತೆಗೆ ಮೇಲಿನ ಕಪಾಟು ಬೇರೆ ಅಡ್ಡ. ಆರು ದೀಪ ಹಾಕಿ, ನೆಲವನ್ನ ಬೆಳಗಿ, ಕತ್ತರಿಸೋ ಕೈಯನ್ನ ಕತ್ತಲಲ್ಲಿ ಬಿಟ್ಟಿದ್ರು. ನೋಡೋಕೆ ಬಂದವರಿಗೆ ಚೆಂದ ಕಾಣಬೇಕು ಅಂತ ಹಾಕಿದ ದೀಪ ಅದು. ಪಡಸಾಲೆಯ ಕಂದೀಲಿನ ಬುದ್ಧಿಯೇ.

ಈಗ ಎಲ್‌ಇಡಿ. ಕೆಂಪು ಎಲ್‌ಇಡಿ 1962ರಷ್ಟು ಹಳೆಯದು. ಅಮೆರಿಕದ ನಿಕ್ ಹೊಲೊನ್ಯಾಕ್ ಮಾಡಿದ್ದು. ರೇಡಿಯೋ, ಟಿವಿ ಮೇಲೆ ಸಾಸಿವೆ ಕಾಳಿನ ಹಾಗೆ ಉರೀತಿತ್ತಲ್ಲ, ಅದು. ಅದರಿಂದ ಮನೆ ಬೆಳಗೋಕೆ ಆಗಲಿಲ್ಲ. ಯಾಕಂದ್ರೆ ಬಿಳಿ ಬೆಳಕು ಬೇಕಾದ್ರೆ ನೀಲಿ ಬೇಕು. ನೀಲಿ ಚಿಪ್ಪಿನ ಮೇಲೆ ಹಳದಿ ಫಾಸ್ಫರ್ ಬಳಿದ್ರೆ ಎರಡೂ ಸೇರಿ ಬಿಳಿ. ಆ ನೀಲಿಗೆ ಮೂವತ್ತು ವರ್ಷ ಹಿಡೀತು. ಜಪಾನಿನ ನಗೋಯಾದಲ್ಲಿ ಇಸಾಮು ಅಕಸಾಕಿ, ಹಿರೋಶಿ ಅಮಾನೊ, ಅತ್ತ ನಿಚಿಯಾ ಕಂಪನಿಯಲ್ಲಿ ಶುಜಿ ನಕಮುರಾ ಬೆನ್ನು ಹತ್ತಿದ್ರು. 1993ರಲ್ಲಿ ಪ್ರಖರವಾದ ನೀಲಿ ಎಲ್‌ಇಡಿ ಹೊರಬಂತು. 2014ರಲ್ಲಿ ಮೂವರಿಗೂ ಭೌತಶಾಸ್ತ್ರದ ನೊಬೆಲ್.

ಅಷ್ಟಾದ್ರೂ ನಮ್ಮ ಕೈಗೆ ಎಟಕುತ್ತಿರಲಿಲ್ಲ. ಕೇಂದ್ರ ಸರ್ಕಾರದ ಇಇಎಸ್‌ಎಲ್ ಸಂಸ್ಥೆ 2014ರ ಶುರುವಿನಲ್ಲಿ ಸಗಟಾಗಿ ಖರೀದಿಸಿದಾಗಲೇ ಒಂದು ಬಲ್ಬಿಗೆ 310 ರೂಪಾಯಿ ಬಿದ್ದಿತ್ತು. 2015ರ ಜನವರಿ 5ಕ್ಕೆ ಉಜಾಲಾ ಯೋಜನೆ ಶುರುವಾಗಿ, ಕೋಟಿಗಟ್ಟಲೆ ಬಲ್ಬಿಗೆ ಒಟ್ಟಿಗೆ ಟೆಂಡರ್ ಕರೆದದ್ದರಿಂದ 2016ರಲ್ಲಿ ಆ ಖರೀದಿ ಬೆಲೆ 38 ರೂಪಾಯಿಗೆ ಇಳೀತು. 36 ಕೋಟಿಗೂ ಹೆಚ್ಚು ಬಲ್ಬು ಹಂಚಿಕೆಯಾದವು. ಚಿಮಣಿಯಿಂದ ಬಲ್ಬಿಗೆ ಬರೋಕೆ ಎರಡು ತಲೆಮಾರು ತಗೊಂಡ ಅಡುಗೆಮನೆಗೆ, ಎಲ್‌ಇಡಿ ಹಾಲ್‌ನ ಜೊತೆಜೊತೆಗೇ ಬಂತು. ಅಗ್ಗ ಆದದ್ದೇ ಕಾರಣ. ಬೆಲೆ ಇದ್ದಾಗ ಮನೆಯಲ್ಲಿ ಸರದಿ ಇರುತ್ತೆ, ಬೆಲೆ ಇಲ್ಲದಾಗ ಸರದಿ ಇಲ್ಲ.

ನಮ್ಮ ಮನೆಯಲ್ಲಿ ಕೊನೆಗೆ ಮಾಡಿದ್ದೇನು ಅಂತ ಹೇಳಿಬಿಡ್ತೀನಿ, ಎಷ್ಟೋ ಜನರ ಮನೆಯಲ್ಲಿ ಇದೇ ಹಳೇ ದೀಪಗಳಿವೆ. ಮೊದಲು ಎಂಸಿಬಿ ಇಳಿಸಿ, ಸ್ವಿಚ್ ಮಾತ್ರ ಆರಿಸಿದ್ರೆ ಸಾಲದು. ಹಳೇ ಬಟ್ಟಲು, ಚೋಕ್ ಎಲ್ಲ ತೆಗೆದ್ವಿ. ಎಂಟು ಇಂಚಿನ ತೂತಿಗೆ ಈಗಿನ ಆರು ಇಂಚಿನ ಪ್ಯಾನೆಲ್ ಕೂರೋಲ್ಲ, ಸ್ಪ್ರಿಂಗಿಗೆ ಹಿಡಿತ ಸಿಗದೆ ಕೆಳಗೆ ಬರುತ್ತೆ. ಹಿಂದಿನ ಕೊಂಡಿಯನ್ನ ತೂತಿನ ಅಳತೆಗೆ ಸರಿಸಿಕೊಳ್ಳೋ ಪ್ಯಾನೆಲ್ಲುಗಳು ಸಿಗ್ತವೆ, ಅಂಥ ಎರಡನ್ನ ಓಡಾಡೋ ಜಾಗಕ್ಕೆ ಹಾಕಿಸಿದೆ. ಉಳಿದ ನಾಲ್ಕು ತೂತಿಗೆ ಜಿಪ್ಸಮ್ ತುಂಡು ಕೂರಿಸಿ ಪುಟ್ಟಿ ಹಾಕಿಸಿದ್ವಿ. ಕಟ್ಟೆಯ ಅಂಚಿಗೆ ನೇರ ಮೇಲೆ ಬರೋ ಹಾಗೆ ಹೊಸದಾಗಿ ಎರಡು ತೂತು. ಎಲ್ಲಾ 12 ವಾಟಿನವು. ಮೇಲಿನ ಕಪಾಟಿನ ಕೆಳಗೆ, ಮುಂದಿನ ಅಂಚಿನಲ್ಲಿ, 10 ವಾಟಿನ ಒಂದು ಪಟ್ಟಿ. ಈ ಪಟ್ಟಿಯೇ ನಿಜವಾದ ದೀಪ. ಉಳಿದದ್ದೆಲ್ಲ ಅಲಂಕಾರ ಅಂದ್ರೂ ತಪ್ಪಿಲ್ಲ. ನೀವು ಬಾಡಿಗೆ ಮನೆಯಲ್ಲಿದ್ರೆ, ಛಾವಣಿ ಮುಟ್ಟೋ ಹಾಗಿಲ್ಲದಿದ್ರೆ, ಅದೊಂದನ್ನ ಹಾಕಿಸಿಕೊಳ್ಳಿ, ಸಾಕು.

ಬಣ್ಣದ ಬಗ್ಗೆ ನಮ್ಮನೆಯಲ್ಲಿ ಸ್ವಲ್ಪ ಜಗಳ ಆಯ್ತು. ಟ್ಯೂಬ್‌ಲೈಟಿನ ಕಾಲದಿಂದ ನಮಗೆ ನೀಲಿ ಬಿಳುಪೇ ಬೆಳಕು ಅಂತ ರೂಢಿಯಾಗಿದೆ, 6500 ಕೆಲ್ವಿನ್ ಅಂತ ಡಬ್ಬಿ ಮೇಲೆ ಬರೆದಿರುತ್ತೆ. ಅದರಲ್ಲಿ ಒಗ್ಗರಣೆ ಕೆಂಪಾದದ್ದು ಸರಿಯಾಗಿ ತಿಳಿಯೋಲ್ಲ ಅನ್ನೋದು ನನ್ನ ವಾದ. 4000ದ್ದು ಹಾಕಿಸಿದೆ. ಡಬ್ಬಿಯ ಮೇಲೆ ಸಿಆರ್‌ಐ ಅಂತಲೂ ಇರುತ್ತೆ, 80ಕ್ಕಿಂತ ಕಡಿಮೆ ಇದ್ದದ್ದನ್ನ ಅಡುಗೆಮನೆಗೆ ತರಬೇಡಿ, ಅರಿಶಿನವೂ ಬೂದಿಯ ಹಾಗೆ ಕಾಣುತ್ತೆ. ಇನ್ನೊಂದು, ಡ್ರೈವರ್ ಅನ್ನೋ ಪುಟ್ಟ ಡಬ್ಬಿ ದೀಪದಿಂದ ಬೇರೆಯಾಗಿರೋದನ್ನೇ ಕೇಳಿ ತಗೊಳ್ಳಿ. ಕೆಡೋದು ಸಾಮಾನ್ಯವಾಗಿ ಅದೇ. ಒಳಗೇ ಸೇರಿಸಿ ಬಿಗಿದಿದ್ರೆ ಅದು ಕೆಟ್ಟಾಗ ಇಡೀ ದೀಪ ಎಸೀಬೇಕು. ಹಳೇ ಕಾಲದಲ್ಲಿ ಬಲ್ಬು ಹೋದ್ರೆ ಬಲ್ಬು ಮಾತ್ರ ಬದಲಾಗ್ತಿತ್ತು, ಈ ಒಂದು ವಿಷಯದಲ್ಲಿ ನಾವು ಹಿಂದಕ್ಕೆ ಹೋಗಿದ್ದೇವೆ.

ಲೆಕ್ಕ ಕೇಳೋರಿಗೆ: ಹಳೇ ಆರು ದೀಪ ಚೋಕಿನ ಖರ್ಚೂ ಸೇರಿ 180 ವಾಟಿನಷ್ಟು. ದಿನಕ್ಕೆ ಐದು ತಾಸು ಅಂದ್ರೆ ತಿಂಗಳಿಗೆ 27 ಯೂನಿಟ್. ಈಗ ಎಲ್ಲಾ ಸೇರಿ 58 ವಾಟು, 9 ಯೂನಿಟ್‌ಗೂ ಕಡಿಮೆ. ಉಳಿದದ್ದು 18 ಯೂನಿಟ್ ಚಿಲ್ಲರೆ. ಭಾಗ್ಯಜ್ಯೋತಿ ಮನೆಗಳಿಗೆ ತಿಂಗಳಿಗೆ ಉಚಿತ ಅಂತ ಬಹುಕಾಲ ಕೊಡ್ತಿದ್ದದ್ದೂ 18 ಯೂನಿಟ್ಟೇ. ಒಂದು ಮನೆಯ ಇಡೀ ತಿಂಗಳ ಬೆಳಕನ್ನ ನಾವು ಕಟ್ಟೆಯ ಮೇಲೆ ಬೀಳದ ದೀಪಕ್ಕೆ ಸುಡ್ತಿದ್ವಿ.

ತೆಗೆದ ಹನ್ನೆರಡು ಕೊಳವೆಗಳ ಮಾತು ಉಳೀತು. ಹುಡುಗ ಅವನ್ನ ಕಸದ ಡಬ್ಬಿಗೆ ಹಾಕೋಕೆ ಹೊರಟಿದ್ದ, ಬೇಡ ಅಂದೆ. ಒಂದೊಂದರಲ್ಲೂ ಕೆಲವು ಮಿಲಿಗ್ರಾಂ ಪಾದರಸ ಇರುತ್ತೆ, ಒಡೆದ್ರೆ ಕಸ ಎತ್ತೋರ ಉಸಿರಿಗೆ ಹೋಗುತ್ತೆ. ಪಾದರಸದ ಬಳಕೆ ನಿಲ್ಲಿಸೋಕೆ ಆದ ಮಿನಮಾಟಾ ಒಪ್ಪಂದದಲ್ಲಿ ಭಾರತವೂ ಇದೆ. 2023ರ ಸಭೆಯಲ್ಲಿ, 2027ರ ಕೊನೆಯೊಳಗೆ ಟ್ಯೂಬ್‌ಲೈಟುಗಳ ತಯಾರಿಕೆ, ಆಮದು, ರಫ್ತು ಎಲ್ಲ ಮುಗಿಸಬೇಕು ಅಂತ ತೀರ್ಮಾನವಾಗಿದೆ. ನಮ್ಮ ಇ-ತ್ಯಾಜ್ಯ ನಿಯಮಗಳಲ್ಲೂ ಪಾದರಸ ಇರೋ ದೀಪಗಳು ಸೇರಿವೆ. ಹನ್ನೆರಡನ್ನೂ ಹಳೇ ಪೇಪರಿನಲ್ಲಿ ಸುತ್ತಿ ರಟ್ಟಿನ ಡಬ್ಬಿಯಲ್ಲಿಟ್ಟು, ಸೊಸೈಟಿಯವರು ಇ-ಕಸ ಒಯ್ಯೋ ದಿನ ಕೊಟ್ಟೆ. ಚೋಕುಗಳನ್ನ ಹುಡುಗನೇ ಕೇಳಿ ತಗೊಂಡ, ಅದರೊಳಗೆ ತಾಮ್ರ ಇರುತ್ತಲ್ಲ.

ಮುಂದಿನ ಸಲ ಒರಳುಕಲ್ಲಿನಿಂದ ಮಿಕ್ಸರ್‌ವರೆಗೆ.